ಹಳದಿ ದಾರದ ಸೀಸೆ

ಕೆಂಪು ದಾರ ಕಟ್ಟಿದ ಸೀಸೆಯ ರಕ್ತ ತೊಟ್ಟು ತೊಟ್ಟಾಗಿ ಸ್ಪಂಜಿನಂಥ ಜೆಲ್ಲಿನೊಳಗೆ ಇಳಿಯುತ್ತಿರುವಾಗ ಸರ್ಕಾರಿ ವಕೀಲ ಫುಲಾದ್‌ಗರ್ ಬಾಯಿ ತುಂಬ ಆಕಳಿಸಿದ.

“ಖಾನಮ್ ಡಾಕ್ಟರ್, ನಿಮ್ಮ ಸ್ಪಂಜು ಸಾಕ್ಷಿ ಹೇಳೋಕೆ ಇನ್ನೂ ಎಷ್ಟೊತ್ತು? ಮನುಷ್ಯ ಸಾಕ್ಷಿ ಆಗಿದ್ರೆ ಇಷ್ಟೊತ್ತಿಗೆ ಎರಡು ಸಲ ಮಾತು ಬದಲಾಯಿಸಿ ಮನೆಗೆ ಹೋಗಿ ಮಲಗಿರ್ತಿದ್ದ.”

“ಅದಕ್ಕೇ ಆಘಾ, ಸ್ಪಂಜನ್ನ ಕರೆಸಿದ್ದು,” ಎಂದರು ಡಾಕ್ಟರ್ ತೂರಾನ್ ಚೀತ್‌ಸಾಜ್, ಕಣ್ಣೆತ್ತದೆ. “ಇದಕ್ಕೆ ಮಾತು ಬದಲಾಯಿಸೋಕೆ ಬರಲ್ಲ.”

ಕಿಟಕಿಯ ಪಕ್ಕ ನಿಂತಿದ್ದ ಪೊಲೀಸ್ ಪತ್ತೇದಾರ ಮೇಜರ್ ಕಿಯೂಮರ್ಸ್ ರಶ್ನೊ ಮೀಸೆಯೊಳಗೇ ನಕ್ಕ. ನಗು ತುಟಿಯ ಆಚೆ ಬರಲಿಲ್ಲ. ದೆಜ್‌ಫೂಲಿನ ಬುಟ್ಟಿ ವ್ಯಾಪಾರಿ ಹಾಜಿ ಮೆಹ್ರಾಬ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಸತ್ತಿದ್ದ. ಅವನಿಗೆ ಹಾಸಿಗೆ ಹಾಸಿದ್ದ ಸೊಸೆ ಗುಲ್‌ಅಂದಾಮ್ ಕೊಲೆಯ ಆಪಾದನೆ ಹೊತ್ತು ಜೈಲಿನಲ್ಲಿದ್ದಳು. ಇವತ್ತು ಈ ಜೆಲ್ ಸೋತರೆ ಫುಲಾದ್‌ಗರ್ ಆರೋಪಪಟ್ಟಿಗೆ ಸಹಿ ಹಾಕುವವನು. ಆಮೇಲೆ ಆ ಹುಡುಗಿಯ ಕತ್ತಿಗೂ ಹಗ್ಗಕ್ಕೂ ನಡುವೆ ಉಳಿಯುವುದು ಬರೀ ಗಾಳಿ.

ಹಾಜಿಯ ತಮ್ಮ ನೆಅಮತ್ ಹೇಳಿದ ಕಥೆ ಇಡೀ ಊರಿಗೆ ಬಾಯಿಪಾಠವಾಗಿತ್ತು. ಮಧ್ಯಾಹ್ನದ ಬಿಸಿಲಿಗೆ ಅಣ್ಣ ನೆಲಮಾಳಿಗೆಗೆ ಇಳಿದು ಮಲಗಿದ. ಕಿಟಾರನೆ ಕಿರುಚಿದ. ತಾನು ಓಡಿಹೋಗಿ ನೋಡಿದರೆ ದಿಂಬಿನ ಮೇಲೆ ಕರಿ ಚೇಳು. ಚಪ್ಪಲಿಯಲ್ಲಿ ಹೊಡೆದು ಕೊಂದ. ಸಂಜೆಯೊಳಗೆ ಅಣ್ಣ ಹೋದ. ಅವತ್ತು ಬೆಳಿಗ್ಗೆ ತಾನೇ ಶುಶ್ತರಿನ ತವರಿಂದ ಬಂದಿದ್ದ ಸೊಸೆ, ಆಸ್ತಿಯ ಜಗಳ ಮನಸ್ಸಲ್ಲಿಟ್ಟುಕೊಂಡು, ಹಾಸಿಗೆಯಲ್ಲಿ ಚೇಳು ಸುತ್ತಿ ತಂದಿದ್ದಳು.

ಕಥೆ ಚೆನ್ನಾಗಿತ್ತು. ಆದರೆ ತೂರಾನ್ ಅವರ ಜೆಲ್, ಹಾಜಿಯ ರಕ್ತದಲ್ಲಿ ಕರಿ ಚೇಳಿನ ವಿಷ ಇಲ್ಲ, ಗದೀಮಿನದು ಇದೆ ಎಂದುಬಿಟ್ಟಿತ್ತು.

ಗದೀಮ್ ಎಂದರೆ ಒಣಹುಲ್ಲಿನ ಬಣ್ಣದ, ಚಪ್ಪಟೆ ಮೈಯ, ಉದ್ದ ಬಾಲದ ಚೇಳು. ಕರಿ ಚೇಳು ಕುಟುಕಿದರೆ ಗಂಡಸು ಅಮ್ಮಾ ಎಂದು ಅಳುತ್ತಾನೆ, ಬದುಕೋ ಸಾವೋ ಅವತ್ತೇ ತೀರ್ಮಾನ. ಗದೀಮ್ ಕುಟುಕಿದರೆ ಗೊತ್ತೇ ಆಗುವುದಿಲ್ಲ. ಸೊಳ್ಳೆ ಎಂದುಕೊಂಡು ಕೆರೆದುಕೊಂಡು ಮಲಗುತ್ತಾರೆ. ಅದರ ವಿಷ ಅವಸರ ಮಾಡದೆ ರಕ್ತವನ್ನು ಒಳಗೊಳಗೇ ಒಡೆಯುತ್ತ, ಕೆಲವು ದಿನ ಕಳೆದು ಮೂತ್ರಪಿಂಡವನ್ನು ಮುಚ್ಚಿಸುತ್ತದೆ.

ಹಾಗಿದ್ದರೆ ಹಾಜಿ ಕಿರುಚಿದ್ದು ಸುಳ್ಳು. ಕರಿ ಚೇಳು ತೋರಿಕೆಯದು. ವಿಷ ಮೈಗೆ ಹೋದ ದಿನ ಗುಲ್‌ಅಂದಾಮ್ ಆ ಮನೆಯಲ್ಲೇ ಇರಲಿಲ್ಲ.

ಅದನ್ನು ಹೇಳುತ್ತಿದ್ದುದು ಲೋಕದಲ್ಲಿ ಈ ಒಂದು ಜೆಲ್ ಮಾತ್ರ.

“ಯಾರ ರಕ್ತ ಅಂತ ಗೊತ್ತಿಟ್ಟುಕೊಂಡು ಪರೀಕ್ಷೆ ಮಾಡಿದ್ರೆ ನಮ್ಮಜ್ಜಿನೂ ಪಾಸಾಗ್ತಾಳೆ,” ಎಂದು ಫುಲಾದ್‌ಗರ್ ಹಂಗಿಸಿದ್ದ. ಅದಕ್ಕೇ ಇವತ್ತು ಕಿಯೂಮರ್ಸ್ ಮೂರು ಸೀಸೆ ತಂದಿದ್ದ. ಹೆಸರಿಲ್ಲ, ಬರೀ ದಾರ. ಕೆಂಪು ಹಾಜಿಯದು. ಬಿಳಿ, ಕರಿ ಚೇಳು ಕುಟುಕಿ ಆಸ್ಪತ್ರೆ ಸೇರಿದ್ದ ಲಾರಿ ಡ್ರೈವರನದು. ಹಳದಿ ಕಿಯೂಮರ್ಸ್‌ನದೇ, ಇವತ್ತು ಬೆಳಿಗ್ಗೆ ತೋಳು ಚಾಚಿ ತೆಗೆಸಿಕೊಂಡ, ಆರೋಗ್ಯವಂತನ ರಕ್ತ. ಏನೂ ಸಿಗಬಾರದ ಸೀಸೆ ಅದು. ಯಾವ ದಾರ ಯಾರದೆಂದು ತಿಳಿದಿದ್ದುದು ಅವನ ತಲೆಗೆ ಮಾತ್ರ.

ಮೇಜಿನ ಮೇಲೆ ಸೂಜಿಯಿಲ್ಲದ ಸಿರಿಂಜುಗಳಲ್ಲಿ ಜೆಲ್ಲುಗಳು ಸಾಲಾಗಿ ನಿಂತಿದ್ದವು. ನೋಡುವುದಕ್ಕೆ ಎಲ್ಲವೂ ಒಂದೇ, ನೀರು ಕುಡಿದು ಉಬ್ಬಿದ ಬಿಳಿ ಸ್ಪಂಜಿನ ತುಂಡು. ಮೊದಲ ದಿನ ಕಿಯೂಮರ್ಸ್‌ಗೆ ಅದೇನೂ ತಲೆಗೆ ಹತ್ತಿರಲಿಲ್ಲ. ತೂರಾನ್ ಬೇಸರಪಡದೆ ಬಿಡಿಸಿ ಹೇಳಿದ್ದರು.

“ಹಸಿ ಮಣ್ಣಿಗೆ ಖರ್ಜೂರದ ಬೀಜ ಒತ್ತಿ. ಮಣ್ಣು ಒಣಗಿದ ಮೇಲೆ ಬೀಜ ತೆಗೀರಿ. ಗುಳಿ ಉಳಿಯುತ್ತೆ. ಅದರಲ್ಲಿ ಬೇರೆ ಬೀಜ ಕೂರಲ್ಲ. ನನ್ನ ಕೆಲಸಾನೂ ಅಷ್ಟೇ. ಬೀಜ ಸ್ವಲ್ಪ ಚಿಕ್ಕದು.”

ಅಷ್ಟೇ ಅಲ್ಲವೆಂದು ಅವನಿಗೆ ಆಮೇಲೆ ತಿಳಿದಿತ್ತು. ಚೇಳಿನ ವಿಷದ ಪ್ರೋಟೀನು ಸುರುಳಿ ಸುತ್ತಿಟ್ಟ ನೂಲಿನ ಉಂಡೆಯ ಹಾಗೆ. ಅದರ ಮೈಯಲ್ಲಿ ಒಂದು ಕಡೆ ಸೆಳೆತ, ಒಂದು ಕಡೆ ತಳ್ಳಾಟ. ಜೆಲ್ ಆಗಬೇಕಾದ ಪುಟ್ಟ ಪುಟ್ಟ ಕಣಗಳನ್ನು ಅದರ ಸುತ್ತ ಬಿಟ್ಟರೆ, ಒಂದೊಂದೂ ತನಗೆ ಒಗ್ಗುವ ಜಾಗ ಹುಡುಕಿ ಅಲ್ಲಿ ಕೈ ಹಿಡಿದು ನಿಲ್ಲುತ್ತದೆ. ಆಗ ಎಲ್ಲವನ್ನೂ ಹೆಪ್ಪುಗಟ್ಟಿಸಬೇಕು. ಮಂಜಿನ ಹರಳುಗಳ ನಡುವೆ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಮಂಜು ಕರಗಿದ ಜಾಗ ರಕ್ತ ಹರಿಯುವ ದಾರಿಯಾಗುತ್ತದೆ. ಕೊನೆಗೆ ವಿಷವನ್ನು ತೊಳೆದು ತೆಗೆಯಬೇಕು. ಕೈ ಹಿಡಿದಿದ್ದವರೆಲ್ಲ ಹಿಡಿದ ಭಂಗಿಯಲ್ಲೇ ನಿಂತಿರುತ್ತಾರೆ; ನಡುವೆ ಕೂತಿದ್ದವನು ಮಾತ್ರ ಎದ್ದು ಹೋಗಿರುತ್ತಾನೆ. ಅವನೇ ತಿರುಗಿ ಬಂದರೆ ಹಿಡಿದುಕೊಳ್ಳುತ್ತಾರೆ. ಬೇರೆಯವರು ಬಂದರೆ ದಾರಿ ಬಿಡುತ್ತಾರೆ.

ಕಷ್ಟವಿರುವುದು ತೊಳೆಯುವುದರಲ್ಲಿ. ಬಿರುಸಾಗಿ ತೊಳೆದರೆ ಗುಳಿ ಕೆಡುತ್ತದೆ. ಮೆತ್ತಗೆ ತೊಳೆದರೆ ಹಳೆಯ ವಿಷ ಒಳಗೇ ಕೂತು, ಆಮೇಲೆ ಒಸರಿ, ಇಲ್ಲದ್ದನ್ನು ಇದೆ ಎನಿಸುತ್ತದೆ. ಬೇಸಿಗೆಯಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟು ಹೋಗುವ ಊರಿನಲ್ಲಿ ಹೆಪ್ಪುಗಟ್ಟಿಸಿದ್ದು ಅರ್ಧಕ್ಕೇ ಕರಗಿ, ತೂರಾನ್ ಎಷ್ಟೋ ಜೆಲ್ಲುಗಳನ್ನು ಚೆಲ್ಲಿದ್ದರು. ಚೆಲ್ಲಿ, ಮತ್ತೆ ಮೊದಲಿಂದ ಶುರುಮಾಡಿದ್ದರು. ಹೊಲಿಗೆ ತಪ್ಪಿದರೆ ಗೊಣಗದೆ ಬಿಚ್ಚಿ ಹೊಲಿಯುವ ಹೆಂಗಸಿನ ಕೈ ಅವರದು.

ಒಂದು ಜೆಲ್ ಗದೀಮಿನ ವಿಷದ ಸುತ್ತ ಹೆಪ್ಪುಗಟ್ಟಿದ್ದು. ಒಂದು ಕರಿ ಚೇಳಿನದರ ಸುತ್ತ. ಇನ್ನೊಂದನ್ನು ಎಲ್ಲ ಹಾಗೆಯೇ ಮಾಡಿ, ವಿಷವನ್ನು ಮಾತ್ರ ಹಾಕದೆ ಬಿಟ್ಟಿದ್ದರು. ಅದಕ್ಕೆ ಯಾರ ನೆನಪೂ ಇಲ್ಲ. ಪ್ರಯೋಗಾಲಯದಲ್ಲಿ ಅದರ ಹೆಸರು ‘ಕುರುಡ’. ಕುರುಡನೂ ಹಿಡಿದುಕೊಂಡದ್ದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ರಕ್ತ ಇಳಿದು ಮುಗಿಯಿತು. ಅಂಟಿಕೊಳ್ಳದ್ದನ್ನೆಲ್ಲ ತೊಳೆದು ಕಳಿಸಿ, ಜೆಲ್ ಹಿಡಿದಿಟ್ಟುಕೊಂಡಿದ್ದನ್ನು ಮಾತ್ರ ಬಿಡಿಸುವ ನೀರನ್ನು ತೂರಾನ್ ಹಾಯಿಸಿದರು. ಕೆಳಗಿನ ಬಟ್ಟಲುಗಳಿಗೆ ಕಂದು ಬಣ್ಣದ ದ್ರವ ಬಿಟ್ಟರು. ಪ್ರೋಟೀನು ಸಿಕ್ಕಿದರೆ ಅದು ನೀಲಿಯಾಗಬೇಕು.

ಕರಿ ಚೇಳಿನ ಬಟ್ಟಲು ಕಂದಾಗೇ ಉಳಿಯಿತು. ಕುರುಡನದೂ ಅಷ್ಟೇ. ಗದೀಮಿನ ಬಟ್ಟಲು ಸಂಜೆಯ ಆಕಾಶದ ಹಾಗೆ ನೀಲಿಗೆ ತಿರುಗಿತು.

“ಕೆಂಪು ದಾರ ಗದೀಮ್,” ಎಂದರು ತೂರಾನ್.

“ಹಾಜಿಯ ರಕ್ತ ಅದು,” ಎಂದ ಕಿಯೂಮರ್ಸ್.

ಫುಲಾದ್‌ಗರ್ ಆಕಳಿಸುವುದನ್ನು ನಿಲ್ಲಿಸಿದ.

ಬಿಳಿ ದಾರದ ಸರದಿ ಬಂತು. ಈ ಸಲ ಗದೀಮಿನ ಬಟ್ಟಲು ಕಂದು, ಕರಿ ಚೇಳಿನದು ನೀಲಿ.

“ಇದು ಕರಿ ಚೇಳು. ಪಾಪ, ಯಾರೋ ತುಂಬ ನರಳಿದಾರೆ.”

“ಲಾರಿ ಡ್ರೈವರು. ಚೇಳನ್ನ ಡಬ್ಬೀಲಿ ಹಾಕ್ಕೊಂಡೇ ಆಸ್ಪತ್ರೆಗೆ ಬಂದಿದ್ದ. ನರ್ಸು ಎದ್ದು ಓಡಿದ್ಲಂತೆ.”

ತೂರಾನ್ ಮೊದಲ ಸಲ ನಕ್ಕರು. ಕಿಯೂಮರ್ಸ್‌ಗೆ ಎದೆ ಹಗುರವಾಯಿತು. ತನ್ನ ಇಷ್ಟು ವರ್ಷದ ನೌಕರಿಯಲ್ಲಿ ಬೈದು, ಬೆದರಿಸಿ, ಚಹಾ ಕುಡಿಸಿ, ಅತ್ತು ಕರೆದು ಹೊರಡಿಸಿದ ಯಾವ ಸತ್ಯವೂ ಇಷ್ಟು ನಿರ್ಮಲವಾಗಿ ಬಂದದ್ದು ಅವನಿಗೆ ನೆನಪಿರಲಿಲ್ಲ. ನೆನಪಿಟ್ಟುಕೊಳ್ಳುವುದೆಂದರೆ ಇದು, ಎಂದುಕೊಂಡ. ಮನುಷ್ಯರ ನೆನಪಿಗೆ ಉಪ್ಪು, ಖಾರ, ದ್ವೇಷ ಎಲ್ಲ ಬೆರೆಯುತ್ತದೆ.

“ಹಳದಿ,” ಎಂದ ಫುಲಾದ್‌ಗರ್, ಕುರ್ಚಿಯನ್ನು ಮುಂದಕ್ಕೆಳೆದು.

ಹಳದಿ ದಾರದ ರಕ್ತ ಇಳಿಯಿತು. ತೊಳೆದದ್ದಾಯಿತು. ಬಿಡಿಸಿದ್ದಾಯಿತು. ಕಂದು ದ್ರವ ಬಿತ್ತು.

ಕರಿ ಚೇಳಿನ ಬಟ್ಟಲು ಕಂದು. ಕುರುಡ ಕಂದು.

ಗದೀಮಿನ ಬಟ್ಟಲಿನ ತಳದಲ್ಲಿ ನೀಲಿ ಮೆಲ್ಲಗೆ ಏಳತೊಡಗಿತು. ತೆಳು ನೀಲಿ. ಆದರೆ ನೀಲಿಯೇ.

ಕಿಯೂಮರ್ಸ್ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಫುಲಾದ್‌ಗರ್ ನೋಡಿದ್ದು ಬಟ್ಟಲನ್ನಲ್ಲ, ಅವನ ಮುಖವನ್ನು.

“ಏನ್ ಮೇಜರ್ ಸಾಹೇಬ್ರೆ, ಸುಣ್ಣ ಬಳಿದ ಗೋಡೆ ಆಗ್ಬಿಟ್ರಲ್ಲ! ಹೇಳಿ, ಹಳದಿ ಯಾರದು? ಏನೂ ಇರಬಾರದಾಗಿತ್ತು ಅಲ್ವಾ?” ಅವನು ತೊಡೆ ತಟ್ಟಿಕೊಂಡ. “ಖಾನಮ್, ನಿಮ್ಮ ಸತ್ಯವಂತ ಸ್ಪಂಜು ಸುಳ್ಳು ಹೇಳ್ತು!”

ತೂರಾನ್ ಜೆಲ್ಲಿನ ಪರ ಒಂದು ಮಾತೂ ಆಡಲಿಲ್ಲ. “ಇರಬಹುದು. ನನ್ನ ತೊಳೆತ ಸಾಲದೆ ಬಂದಿರಬಹುದು. ನೋಡೋಣ,” ಎಂದು ಅದೇ ಜೆಲ್ಲನ್ನು ತೊಳೆದು, ಈ ಸಲ ರಕ್ತದ ಬದಲು ಬರೀ ಉಪ್ಪುನೀರು ಹಾಯಿಸಿದರು. ಹಳೆಯ ವಿಷ ಒಸರುತ್ತಿದ್ದರೆ ನೀರಿಗೂ ನೀಲಿ ಬರಬೇಕು.

ಬರಲಿಲ್ಲ. ಕಂದು.

ಯಾರೂ ಕೇಳದಿದ್ದರೂ ಪೆಟ್ಟಿಗೆಯಿಂದ ಹೊಸ ಜೆಲ್ ತೆಗೆದು, ಹಳದಿ ಸೀಸೆಯಲ್ಲಿ ಉಳಿದಿದ್ದ ರಕ್ತವನ್ನು ಅದರೊಳಗೆ ಬಿಟ್ಟರು.

ಆ ಹೊತ್ತಿನಲ್ಲಿ ಕಿಯೂಮರ್ಸ್‌ನ ತಲೆಯೊಳಗೆ ಒಂದು ಬಾಗಿಲು ತೆರೆಯಿತು. ಹಳದಿ ಯಾರದೆಂದು ಗೊತ್ತಿರುವುದು ತನಗೊಬ್ಬನಿಗೆ. ಗದೀಮ್ ಕುಟುಕಿದ ಯಾವನೋ ರೋಗಿಯದು ಎಂದುಬಿಟ್ಟರೆ ಮುಗಿಯಿತು. ಜೆಲ್ ಗೆದ್ದಿತು, ಗುಲ್‌ಅಂದಾಮ್ ಮನೆಗೆ ಹೋದಳು. ಒಂದೇ ಮಾತು. ನಿಜ ಹೇಳಿದರೋ, ಗಟ್ಟಿಮುಟ್ಟಾಗಿ ನಿಂತವನ ರಕ್ತದಲ್ಲಿ ವಿಷ ಕಂಡ ಜೆಲ್ಲನ್ನು ಯಾವ ಕೋರ್ಟು ನಂಬುತ್ತದೆ?

ತುಟಿ ತೆರೆದ. ಎದುರಿಗೆ ತೂರಾನ್ ಬಗ್ಗಿ ತೊಟ್ಟು ಎಣಿಸುವವರಂತೆ ನಿಂತಿದ್ದರು. ಎಷ್ಟೋ ವರ್ಷ ಸವೆಸಿ ಮಾಡಿದ ಕೆಲಸ. ಅದರ ತಪ್ಪನ್ನು ಮೊದಲು ತಾನೇ ಹುಡುಕುತ್ತಿರುವ ಈ ಹೆಂಗಸಿನ ಮುಂದೆ ಸುಳ್ಳು ಹೇಳುವುದು ಅವನಿಂದಾಗಲಿಲ್ಲ.

ಹೊಸ ಜೆಲ್ಲಿನ ಬಟ್ಟಲೂ ನೀಲಿಯಾಯಿತು.

ತೂರಾನ್ ತಲೆಯೆತ್ತಿದರು. ಧ್ವನಿ ಬೇರೆಯಾಗಿತ್ತು. “ಮೇಜರ್, ಇದು ಬದುಕಿರೋ ಮನುಷ್ಯನದಾ?”

“ಹೌದು.”

“ಯಾರೇ ಆಗಿರಲಿ, ಈಗ್ಲೇ ಆಸ್ಪತ್ರೆಗೆ ಸೇರಿಸಿ. ನನ್ನ ಜೆಲ್ ಸರಿಯೋ ತಪ್ಪೋ ಆಮೇಲೆ ಜಗಳ ಆಡೋಣ. ಅವರಿಗೆ ಹೊತ್ತಿಲ್ಲ.”

“ನನ್ನದು,” ಎಂದ ಕಿಯೂಮರ್ಸ್.

ಫುಲಾದ್‌ಗರ್ ಹೊಟ್ಟೆ ಹಿಡಿದುಕೊಂಡು ನಕ್ಕ.

“ನೋಡಿದ್ರಾ ಖಾನಮ್! ಹೆಣ ಎದುರಿಗೆ ನಿಂತು ಮಾತಾಡ್ತಿದೆ! ಖರ್ಜೂರದ ಮರದ ಹಾಗಿದಾನೆ ಮನುಷ್ಯ. ಚೇಳು ಕುಟುಕಿದ್ದು ಇವನಿಗೆ ಗೊತ್ತಾಗಲ್ವಾ?”

“ಗದೀಮ್ ಬಂದು ಸಲಾಮ್ ಹೇಳಿ ಕುಟುಕಲ್ಲ, ಆಘಾ.” ತೂರಾನ್ ಅವನತ್ತ ತಿರುಗಲೂ ಇಲ್ಲ. “ಮೇಜರ್, ನೀವು ನನ್ನ ತಮ್ಮನ ವಯಸ್ಸಿನವರು, ನಾಚಿಕೋಬೇಡಿ. ಬೆಳಿಗ್ಗೆ ಮೂತ್ರ ಯಾವ ಬಣ್ಣ ಇತ್ತು?”

ಕಿಯೂಮರ್ಸ್‌ನ ಕಿವಿ ಕೆಂಪಾಯಿತು. ನೆಲ ನೋಡುತ್ತ ಹೇಳಿದ, “ಕಡು ಚಹಾದ ಹಾಗೆ. ಬಿಸಿಲು, ನೀರು ಕುಡಿದದ್ದು ಸಾಲದು ಅಂದ್ಕೊಂಡೆ.”

ಫುಲಾದ್‌ಗರನ ನಗು ನಿಂತಿತು.

“ಜೆಲ್ ತಪ್ಪು ಹೇಳಬಹುದು,” ಎಂದರು ತೂರಾನ್ ಮೆಲ್ಲಗೆ. “ಮೂತ್ರಾನೂ ಅದರ ಜೊತೆ ಸೇರಿ ತಪ್ಪು ಹೇಳಲ್ಲ.” ಅವರು ಫೋನೆತ್ತಿ ಆಸ್ಪತ್ರೆಗೆ ಹೇಳಿ, ಚೇಳಿನ ಔಷಧಿಯ ಡ್ರಿಪ್ ಸಿದ್ಧಮಾಡಿಸಿ, ಆಂಬುಲೆನ್ಸ್ ಕಳಿಸಲು ಹೇಳಿದರು. ಬಳಿಕ ಬೀರುವಿನ ಆಚೆಗೆ ಸರಿದು ನಿಂತರು. “ಫುಲಾದ್‌ಗರ್ ಆಘಾ, ನೀವು ಗಂಡಸರು. ಮೈ ಮೇಲೆ ಕಲೆ ಇದೆಯಾ ನೋಡಿ. ನೇರಳೆ ಚುಕ್ಕೆ, ಸುತ್ತ ಬಿಳಿ ಬಳೆ ಇರತ್ತೆ.”

ಕಿಯೂಮರ್ಸ್ ಅಂಗಿ ಬಿಚ್ಚಿದ. ಕೈ, ಕಾಲು, ಹೊಟ್ಟೆ ಅವನೇ ನೋಡಿಕೊಂಡ. ಬೆನ್ನನ್ನು ಫುಲಾದ್‌ಗರ್ ನೋಡಬೇಕಾಯಿತು. ವಕೀಲನ ತಣ್ಣನೆಯ ಬೆರಳು ಬೆನ್ನ ಮೇಲಿಂದ ಭುಜಕ್ಕೆ, ಭುಜದಿಂದ ಕತ್ತಿನ ಹಿಂಬದಿಗೆ ಬಂತು. ಕೂದಲು ಶುರುವಾಗುವ ಜಾಗದಲ್ಲಿ ನಿಂತಿತು. ಒಂದು ಉಸಿರಿನಷ್ಟು ಹೊತ್ತು.

“ಏನೂ ಇಲ್ಲ,” ಎಂದ ಫುಲಾದ್‌ಗರ್.

ಆ ನಿಂತ ಬೆರಳು ಪತ್ತೇದಾರನ ಚರ್ಮಕ್ಕೆ ಗೊತ್ತಾಗಿತ್ತು. “ಖಾನಮ್,” ಎಂದು ಅಂಗಿ ಹೆಗಲಿಗೇರಿಸಿಕೊಂಡು ಕರೆದ, “ತಮ್ಮ ಅಂದಿರಲ್ಲ. ತಮ್ಮನ ಕತ್ತು ನೀವೇ ಒಂದು ಸಲ ನೋಡ್ಬಿಡಿ.”

ತೂರಾನ್ ಬಂದು, ಕಾಲರ್ ಇಳಿಸಿ, ಪೆನ್ನಿನ ತುದಿಯಿಂದ ಕೂದಲು ಸರಿಸಿದರು. “ಇಲ್ಲಿದೆ,” ಎಂದರು. “ಬಳೆ ಸಮೇತ. ಮೊನ್ನೆಯದಿರಬಹುದು.”

“ಕನ್ನಡಕ ತಂದಿಲ್ಲ ನಾನು,” ಎಂದ ಫುಲಾದ್‌ಗರ್.

ಕಿಯೂಮರ್ಸ್ ಮೊನ್ನೆಯ ದಿನವನ್ನು ಮನಸ್ಸಿನಲ್ಲೇ ತಿರುವಿಹಾಕಿದ. ರಾತ್ರಿ ಮಾಳಿಗೆಯ ಮೇಲೆ, ಸೊಳ್ಳೆಪರದೆಯೊಳಗೆ, ಎತ್ತರದ ಮಂಚದಲ್ಲಿ ಮಲಗಿದ್ದ. ಹಗಲೆಲ್ಲ ಜೀಪು, ಕಚೇರಿಯ ಬರೀ ಮರದ ಕುರ್ಚಿ. ಕತ್ತನ್ನು ಎಲ್ಲಿ ಒರಗಿಸಿದ್ದೆ?

ಹಾಜಿಯ ಏಳನೆಯ ದಿನದ ಪ್ರಾರ್ಥನೆಯಲ್ಲಿ. ಬಿಸಿಲಿಗೆ ಹೆದರಿ ನೆಅಮತ್ ಗಂಡಸರನ್ನೆಲ್ಲ ಅದೇ ನೆಲಮಾಳಿಗೆಯಲ್ಲಿ ಕೂರಿಸಿದ್ದ. ಕಿಯೂಮರ್ಸ್ ತಡವಾಗಿ ಹೋದ. ಬಾಗಿಲ ಬಳಿ ಕೂರಹೊರಟವನನ್ನು ಮೇಲಿನ ಜಾಗಕ್ಕೆ ಕರೆದು, ತನ್ನ ಬೆನ್ನ ಹಿಂದಿದ್ದ ಒರಗುದಿಂಬನ್ನು ಒಬ್ಬರು ತೆಗೆದುಕೊಟ್ಟಿದ್ದರು. ಬೇಡ ಅಂದ. ನನ್ನಾಣೆ ತಗೊಳ್ಳಿ ಅಂದರು. ನಿಮಗೇ ಇರಲಿ ಅಂದ. ನಾನು ಸತ್ತಷ್ಟಾಣೆ, ದಣಿದು ಬಂದಿದೀರಿ ಅಂದರು. ಮೂರನೆಯ ಸಲ ಬೇಡ ಎನ್ನುವುದು ಒರಟುತನ. ದಿಂಬು ಇಸಕೊಂಡು, ಕಣ್ಣು ಮುಚ್ಚಿ, ಕತ್ತು ಒರಗಿಸಿದ್ದ.

“ಆಘಾ,” ಎಂದ ಕಿಯೂಮರ್ಸ್, “ಮೊನ್ನೆ ನಂಗೆ ದಿಂಬು ಕೊಟ್ಟಿದ್ದು ನೀವೇ ಅಲ್ವಾ?”

ಫುಲಾದ್‌ಗರ್ ಹೆಗಲು ಕೊಡವಿದ. “ಮರ್ಯಾದೆ ಮಾಡಿದ್ದೂ ತಪ್ಪಾ?”

ಆದರೆ ತೂರಾನ್ ಗಾಬರಿಯಾದರು. ಅವರಿಗೆ ಕಂಡದ್ದು ಇನ್ನೊಬ್ಬ ರೋಗಿ ಮಾತ್ರ. “ಅಯ್ಯೋ ದೇವರೇ! ಹಾಗಾದ್ರೆ ಆ ದಿಂಬಿನ ಚೇಳು ಮೊದಲು ನಿಮ್ಮ ಬೆನ್ನ ಹಿಂದೆ ಇತ್ತು. ಕೂತ್ಕೊಳಿ, ನಿಮ್ಮ ರಕ್ತಾನೂ ತೆಗೀತೀನಿ. ನಿಮಗೂ ಗೊತ್ತಾಗಿರಲ್ಲ.”

“ನಂಗೇನೂ ಆಗಿಲ್ಲ.”

“ಈಗ ತಾನೇ ಮೇಜರ್‌ಗೂ ಏನೂ ಆಗಿರಲಿಲ್ಲ.”

“ಬೇಡ ಅಂದೆನಲ್ಲ!” ಅವನು ಹಿಂದಕ್ಕೆ ಸರಿದ ರಭಸಕ್ಕೆ ಕುರ್ಚಿ ಉರುಳಿತು. ಮೇಜಿನಿಂದ ಕೆಂಪು ದಾರದ ಸೀಸೆಯನ್ನು ಎತ್ತಿಕೊಂಡ. ತಳದಲ್ಲಿ ಒಂದಿಷ್ಟು ರಕ್ತ ಉಳಿದಿತ್ತು. ಹಾಜಿ ಮಣ್ಣಾಗಿದ್ದ, ಅವನ ರಕ್ತ ಇನ್ನು ಲೋಕದಲ್ಲಿದ್ದುದು ಅಷ್ಟೇ. “ಇದು ಸರ್ಕಾರದ ಸೊತ್ತು. ನನ್ನ ವಶದಲ್ಲಿರ್ಲಿ.”

“ಆಘಾ, ಮಂಜುಗಡ್ಡೆ ಡಬ್ಬಿ ಇಲ್ದೆ ತಗೊಂಡು ಹೋಗ್ಬೇಡಿ,” ತೂರಾನ್ ಅಡ್ಡ ಬಂದರು. “ಹೊರಗಿನ ಬಿಸಿಲಿಗೆ ಕಾರಿನ ತನಕ ಹೋಗೋದ್ರೊಳಗೆ ಕೆಡೋಕೆ ಶುರುವಾಗತ್ತೆ. ಪ್ರೋಟೀನಿನ ಸುರುಳಿ ಬಿಚ್ಚಿಹೋದ್ರೆ ನನ್ನ ಜೆಲ್ ಅದರ ಗುರುತು ಹಿಡಿಯಲ್ಲ. ಆ ಹುಡುಗಿಗೆ ಬೇರೆ ಸಾಕ್ಷಿ ಇಲ್ಲ!”

“ಅದು ಕೋರ್ಟಿಗೆ ಬಿಟ್ಟಿದ್ದು, ಖಾನಮ್.”

ಹೊರಗೆ ಆಂಬುಲೆನ್ಸಿನ ಕೂಗು ಕೇಳಿಸಿತು. ತೂರಾನ್ ಕಿಯೂಮರ್ಸ್‌ನತ್ತ ಕೈಮಾಡಿ ಹೋಗಿ ಹೋಗಿ ಎಂದರು. ಅವನು ಬಾಗಿಲ ಕಡೆಗೆ ಹೋದ; ಹೊರಗೆ ಹೋಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಸೀಸೆ ಮೇಜಿನ ಮೇಲಿಡಿ, ಆಘಾ.”

“ಸಾಯೋ ಮುಂಚೆ ಆಸ್ಪತ್ರೆಗೆ ನಡಿಯಪ್ಪಾ,” ಎಂದು ಫುಲಾದ್‌ಗರ್ ಅವನನ್ನು ಪಕ್ಕಕ್ಕೆ ತಳ್ಳಲು ತೋಳು ಚಾಚಿದ.

ಕಿಯೂಮರ್ಸ್ ಆ ಮಣಿಕಟ್ಟನ್ನು ಹಿಡಿದ. ಇನ್ನೊಂದು ಕೈಯಿಂದ ಸೀಸೆ ಕಿತ್ತು ತೂರಾನ್ ಕೈಗೆ ದಾಟಿಸಿದ. ಎಳೆದಾಟದಲ್ಲಿ ವಕೀಲನ ತೋಳಿನ ಗುಂಡಿ ಹಾರಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮೊಣಕೈಯವರೆಗೆ ಸರಿಯಿತು.

ಮೊಣಕೈಯ ಮಡಿಕೆಯಲ್ಲಿ ಹತ್ತಿ ಇಟ್ಟು ಹಚ್ಚಿದ ಪಟ್ಟಿಯಿತ್ತು. ಅದರ ಸುತ್ತ ಡ್ರಿಪ್ಪಿನ ಸೂಜಿ ಬಿಟ್ಟುಹೋದ ನೀಲಿ ಕಲೆ.

ತೂರಾನ್ ಸೀಸೆಯನ್ನು ಎದೆಗೆ ಒತ್ತಿಕೊಂಡು ಆ ಪಟ್ಟಿಯನ್ನೇ ನೋಡಿದರು. ಅವರ ಮುಖದಲ್ಲಿದ್ದ ಕನಿಕರ ನೋಡನೋಡುತ್ತಲೇ ಆರಿಹೋಯಿತು.

“ಅದಕ್ಕೇ ರಕ್ತ ತೆಗೀಬೇಡಿ ಅಂದ್ರಿ. ಗದೀಮಿನ ಔಷಧಿ ನೀವು ಆಗ್ಲೇ ತಗೊಂಡಿದೀರಿ,” ಎಂದರು. “ಮೇಜರ್‌ಗೆ ದಿಂಬು ಕೊಟ್ಟ ಮೇಲೋ ಆಘಾ, ಕೊಡೋಕೆ ಮುಂಚೇನೋ?”